ಡಬ್ಬಿಯ ಹಿಂಬದಿ

ಫೆಬ್ರವರಿ 6

ಪ್ರೀತಿಯ ಗುಬ್ಬಿಗೆ,

ಅಕ್ಕನ ನೆನಪುಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುವುದು ರೂಢಿ. ಪೂರ್ತಿ ಕ್ಷೇಮವಾಗಿದ್ದರೆ ನಾನು ಪೆನ್ನು ಹಿಡಿಯುತ್ತಲೇ ಇರಲಿಲ್ಲವೇನೋ, ಅದಕ್ಕೇ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತೇನೆ. ಕಳೆದ ವರ್ಷ ನೀನು ಹಾಕಿದ ಕಾರ್ಡಿಗೆ ಉತ್ತರ ಬರೆಯಲಿಲ್ಲ. ಅದರ ಹಿಂದಿನದಕ್ಕೂ ಇಲ್ಲ. ಕೆಲಸ ಜಾಸ್ತಿ ಇತ್ತು ಎನ್ನೋಣವೆಂದರೆ ನಾನು ರಿಟೈರಾಗಿ ಹದಿನಾಲ್ಕು ತಿಂಗಳಾಯಿತು. ತಪ್ಪು ನನ್ನದೇ. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ', 'ಆಯ್ತು' ಎನ್ನುವಲ್ಲಿಗೆ ಮುಗಿಸಿಬಿಡುತ್ತೇವೆ.

ವಿಷಯ ಇಷ್ಟು. ನಿನ್ನ ಭಾವನಿಗೆ ಸಕ್ಕರೆ ಕಾಯಿಲೆ ಬಂದಿದೆ.

ಗೊತ್ತಾದದ್ದು ಹೇಗೆ ಅಂದರೆ ಬೆರಳಿನಿಂದ. ಅವರ ಕೆಲಸ ನಿನಗೆ ಗೊತ್ತಲ್ಲ. ಬೀಗದ ಹೊಟ್ಟೆಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಹಿತ್ತಾಳೆಯ ಪಿನ್ನುಗಳಿರುತ್ತವೆ. ಒಂದೊಂದನ್ನೂ ಬೆರಳ ತುದಿಯಲ್ಲಿ ಹಿಡಿದು, ಉದ್ದ ಗಿಡ್ಡ ನೋಡಿ ಜೋಡಿಸಬೇಕು. ಈ ಬೀದಿಯವರು ಇವರನ್ನು ಬೀಗದ ಡಾಕ್ಟರು ಅನ್ನುವುದು ಸುಮ್ಮನೆ ಅಲ್ಲ. ಹೋದ ತಿಂಗಳು ಒಂದು ದಿನ ಮಧ್ಯಾಹ್ನ ಊಟಕ್ಕೆ ಕರೆಯಲು ಅಂಗಡಿಗೆ ಹೋದರೆ, ಹೊಸದಾಗಿ ಕೊರೆದ ಕೀಲಿಯ ಹಲ್ಲನ್ನು ಬಲಗೈ ಬೆರಳುಗಳಿಗೆ ಒಂದೊಂದಾಗಿ ಒತ್ತಿಕೊಳ್ಳುತ್ತ ಕೂತಿದ್ದಾರೆ.

"ಏನ್ರೀ ಮಾಡ್ತಿದ್ದೀರ?" ಎಂದೆ.

"ಕೀಲಿ ಮೊಂಡಾಗಿದೆಯಾ, ನನ್ನ ಬೆರಳು ಮೊಂಡಾಗಿದೆಯಾ ಅಂತ ನೋಡ್ತಿದ್ದೀನಿ" ಎಂದರು.

ಮೂರು ವಾರದಿಂದ ಹಾಗಿತ್ತಂತೆ. ಪಿನ್ನು ಬೆರಳಲ್ಲಿದೆ ಅಂದುಕೊಂಡು ಕೈ ಎತ್ತಿದರೆ ಅದು ನೆಲದ ಮೇಲೆ ಬಿದ್ದಿರುತ್ತಿತ್ತಂತೆ. ನನಗೆ ಹೇಳಿರಲಿಲ್ಲ. ಅವತ್ತೇ ಬಾಗಿಲು ಎಳೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ತೆಗೆದು ನೋಡಿದರು. ಮೂರು ತಿಂಗಳ ಸರಾಸರಿ ಒಂಬತ್ತು ಪಾಯಿಂಟ್ ಎರಡು. ಆರೂವರೆ ದಾಟಿದರೇ ಕಾಯಿಲೆ ಅನ್ನುತ್ತಾರಂತೆ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, "ನರಕ್ಕೆ ಸ್ವಲ್ಪ ಪೆಟ್ಟು ಬಿದ್ದಿದೆ. ಹೋಗಿರೋದು ಎಷ್ಟು ವಾಪಸ್ ಬರತ್ತೋ ಹೇಳಕ್ಕಾಗಲ್ಲ. ಇರೋದನ್ನ ಉಳಿಸ್ಕೊಳ್ಳಿ" ಎಂದರು. ಬೆರಳು ಹೋದರೆ ಇವರ ಬಳಿ ಉಳಿಯುವುದು ಬರೀ ಅಂಗಡಿಯ ಬೋರ್ಡು.

ಅಲ್ಲೇ ಕೆಳಗಿನ ಮಹಡಿಯಲ್ಲಿ ಊಟದ ವಿಷಯ ಹೇಳುವ ಹುಡುಗಿಯೊಬ್ಬಳಿದ್ದಾಳೆ, ಆಹಾರ ತಜ್ಞೆ. ಅವಳ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಅನ್ನ, ಪ್ಲಾಸ್ಟಿಕ್ಕಿನ ಬ್ರೆಡ್ಡು, ಪ್ಲಾಸ್ಟಿಕ್ಕಿನ ಬಾಳೆಹಣ್ಣು ಜೋಡಿಸಿಟ್ಟಿದ್ದಾಳೆ. ಅವಳು ಅನ್ನ ಕಡಿಮೆ, ಬ್ರೆಡ್ಡು ಬೇಡ, ಆಲೂಗಡ್ಡೆ ಬೇಡ ಎಂದು ಒಂದೊಂದೇ ಎತ್ತಿ ಪಕ್ಕಕ್ಕಿಡುತ್ತ ಹೋದಳು. ನಿನ್ನ ಭಾವ ಆ ಬ್ರೆಡ್ಡಿನ ತುಂಡನ್ನು ಕೈಗೆತ್ತಿಕೊಂಡು, "ಇದನ್ನಾದ್ರೂ ತಿನ್ನಬಹುದಾ?" ಎಂದು ಕೇಳಿದರು. ಅವಳು ಬಿದ್ದು ಬಿದ್ದು ನಕ್ಕಳು.

"ಅಂಕಲ್, ಸಕ್ಕರೆ ಬಿಟ್ರೆ ಸಾಲದು. ಪಿಷ್ಟ ಇರೋದೆಲ್ಲ ಹೊಟ್ಟೆಗೆ ಹೋದ್ಮೇಲೆ ಸಕ್ಕರೆನೇ ಆಗೋದು. ಮೊಟ್ಟೆ, ಮೀನು, ಸೊಪ್ಪು, ತರಕಾರಿ, ಕಾಳು ತಿನ್ನಿ. ಟೀಗೆ ಸಿಹಿ ಬೇಕೇ ಬೇಕು ಅಂದ್ರೆ ಸ್ಟೀವಿಯಾ ಹಾಕಿ. ಅದೊಂದು ಗಿಡ, ಎಲೆನೇ ಸಿಹಿ. ಅದು ಸಕ್ಕರೆ ಏರ್ಸಲ್ಲ" ಎಂದಳು.

ಬೇಕೇ ಬೇಕು. ದಿನಕ್ಕೆ ಏಳು ಟೀ, ಒಂದಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವ ಮನುಷ್ಯ. ಗಿಡ ಅಂದ ತಕ್ಷಣ ನಿನ್ನ ನೆನಪಾಯಿತು. ನಿನ್ನ ನರ್ಸರಿಯಲ್ಲಿ ಈ ಗಿಡ ಇದೆಯಾ? ಇದ್ದರೆ ಎರಡು ಸಸಿ ಕಳಿಸಿಕೊಡು. ಬಸ್ಸಿಗೆ ಹಾಕಿದರೆ ನಾನು ಸ್ಟಾಂಡಿಗೆ ಹೋಗಿ ಬಿಡಿಸಿಕೊಳ್ಳುತ್ತೇನೆ.

ಹಳೆಯದನ್ನು ಎತ್ತಲು ಈ ಕಾಗದ ಬರೆದಿಲ್ಲ. ಗಿಡದ ವಿಷಯಕ್ಕಷ್ಟೇ. ಆರೋಗ್ಯ ನೋಡಿಕೋ.

ಇಂತಿ,
ಅಕ್ಕ

*

ಮೇ 20

ಪ್ರೀತಿಯ ಗುಬ್ಬಿ,

ಗಿಡಗಳು ಬಂದು ಮುಟ್ಟಿ ಮೂರು ತಿಂಗಳಾದ ಮೇಲೆ ಥ್ಯಾಂಕ್ಸ್ ಹೇಳುತ್ತಿದ್ದೇನೆ. ಬೈದುಕೋ. ನೀನು ಎಷ್ಟು ಚೆನ್ನಾಗಿ ಕಟ್ಟಿ ಕಳಿಸಿದ್ದೆ ಅಂದರೆ ಒಂದು ಎಲೆ ಉದುರಿರಲಿಲ್ಲ. ಸುತ್ತಿದ್ದ ಪೇಪರಿನ ಅಂಚಿನಲ್ಲಿ ನೀನು ಬರೆದಿದ್ದನ್ನೂ ಓದಿದೆ. "ಅಕ್ಕ, ದಿನಾ ನೀರು ಹಾಕ್ಬೇಡ. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ರೆ ಮಾತ್ರ ಹಾಕು." ಹಾಗೇ ಮಾಡುತ್ತಿದ್ದೇನೆ. ಅಡುಗೆಮನೆ ಕಿಟಕಿಯಲ್ಲಿ ಎರಡೂ ಮೊಣಕೈ ಎತ್ತರ ಬಂದಿವೆ.

ಎಲೆ ಹಾಕಿದ ಟೀಯ ಕಥೆ ಕೇಳು. ಮೊದಲ ದಿನ ನಾಲ್ಕು ಎಲೆ ಜಜ್ಜಿ ಕುದಿಸಿ ಕೊಟ್ಟೆ. ಇವರು ಒಂದು ಗುಟುಕು ಕುಡಿದು ಬಹಳ ಹೊತ್ತು ಯೋಚಿಸಿದರು. ಆ ಸಿಹಿ ಬಾಯಿಗೆ ಬಂದದ್ದು ಟೀ ಗಂಟಲಿನಿಂದ ಇಳಿದ ಮೇಲೆ. ಹೊತ್ತು ಮೀರಿ ಬಂದ ನೆಂಟರ ಹಾಗೆ ಬಂದು ಕೂತರೆ ಏಳುವುದೇ ಇಲ್ಲ, ಹಿಂದೆಯೇ ಒಂದು ಕಹಿ ಬೇರೆ.

"ಹೇಗಿದೆ?" ಎಂದೆ.

"ಹುಲ್ಲುಗಾವಲಲ್ಲಿ ಕೂತು ಟೀ ಕುಡಿದ ಹಾಗಿದೆ" ಎಂದರು.

ನಾಲ್ಕನೆಯ ದಿನ ನೋಡಿದರೆ, ಅರ್ಧ ಲೋಟ ಟೀಯನ್ನು ಆ ಗಿಡದ ಬುಡಕ್ಕೇ ಹೊಯ್ಯುತ್ತಿದ್ದಾರೆ. "ಅದರದ್ದು ಅದಕ್ಕೆ ವಾಪಸ್ ಕೊಡ್ತಿದ್ದೀನಿ" ಅಂತೆ. ಆಮೇಲೆ ಹಾಗೂ ಹೀಗೂ ಒಂದೇ ಎಲೆಗೆ ಇಳಿದು, ಎರಡು ಮೂರು ವಾರ ತಳ್ಳಿದರು.

ಊಟದಲ್ಲಿ ಮಾತ್ರ ಪಾಪ, ಬಹಳ ಕಟ್ಟುನಿಟ್ಟು. ಬ್ರೆಡ್ಡು ಮನೆಯೊಳಗೆ ಬರುವುದು ನಿಂತಿತು. ಅನ್ನ ಮೂರು ಸೌಟಿನಿಂದ ಅರ್ಧ ಸೌಟಿಗೆ ಇಳಿಯಿತು. ಆ ಹುಡುಗಿ ಹೇಳಿದಂತೆ ಹೂಕೋಸನ್ನು ಅಕ್ಕಿಯಷ್ಟು ಸಣ್ಣಗೆ ಕೊಚ್ಚಿ ಬೇಯಿಸಿ ಬಡಿಸಿದೆ. ತಟ್ಟೆ ನೋಡಿ "ಅನ್ನದ ವೇಷ ಹಾಕ್ಕೊಂಡು ಬಂದಿದೆ, ಹೊರಗೆ ಕಳಿಸಬಾರ್ದು" ಎಂದು ಉಂಡರು. ನಾವೊಂದು ಮಿಷನ್ನು ತಂದಿದ್ದೇವೆ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಇಟ್ಟರೆ ಅಂಕಿ ತೋರಿಸುತ್ತದೆ. ಮೊದಲ ತಿಂಗಳು ಅಂಕಿ ದಿನದಿನಕ್ಕೂ ಇಳಿಯಿತು. ಇನ್ನೂರ ಹತ್ತು ಇದ್ದದ್ದು ನೂರ ನಲವತ್ತಕ್ಕೆ ಬಂತು. ನಾನು ಗೆದ್ದೆವು ಅಂದುಕೊಂಡೆ.

ಅಷ್ಟರಲ್ಲಿ ದಿನಸಿ ಅಂಗಡಿಯಲ್ಲಿ ಒಂದು ಡಬ್ಬಿ ಕಣ್ಣಿಗೆ ಬಿತ್ತು. ಬಿಳೀ ಡಬ್ಬಿ, ಮೇಲೆ ಹಸಿರು ಎಲೆಯ ಚಿತ್ರ, ದಪ್ಪ ಅಕ್ಷರದಲ್ಲಿ ಸ್ಟೀವಿಯಾ, ಕೆಳಗೆ 'ಸಕ್ಕರೆ ಇಲ್ಲ'. ಒಳಗೆ ಹಿಟ್ಟಿನಂಥ ಬಿಳೀ ಪುಡಿ. ಸಕ್ಕರೆಯಷ್ಟೇ ಅಳತೆಯಲ್ಲಿ ಹಾಕಬಹುದು ಎಂದು ಅಂಗಡಿಯವನು ಹೇಳಿದ. ತಂದು ಟೀಗೆ ಹಾಕಿದರೆ ಇವರ ಮುಖ ಅರಳಿತು. "ಇದು ಟೀ" ಎಂದರು. ಹುಲ್ಲಿನ ವಾಸನೆ ಇಲ್ಲ, ಕಹಿಯೂ ಇಲ್ಲವೆನ್ನುವಷ್ಟು ಕಡಿಮೆ. ನಾನೂ ಖುಷಿಯಿಂದ ಮೊಟ್ಟೆ, ಬಾದಾಮಿ ಪುಡಿ, ಬೆಣ್ಣೆಗೆ ಒಂದು ಕಪ್ಪು ಆ ಪುಡಿ ಸುರಿದು ವಾರಕ್ಕೊಂದು ಕೇಕು ಮಾಡತೊಡಗಿದೆ. ಮೈದಾ ಇಲ್ಲ, ಸಕ್ಕರೆ ಇಲ್ಲ, ದಿನಕ್ಕೆರಡು ತುಂಡು ತಿಂದರೂ ಹೆದರಬೇಕಿಲ್ಲ ಅಂದುಕೊಂಡೆ.

ಈಗ ನಿಜವಾದ ಸಂಗತಿಗೆ ಬರುತ್ತೇನೆ. ಎರಡನೆಯ ತಿಂಗಳಿಂದ ಮಿಷನ್ನಿನ ಅಂಕಿ ಮತ್ತೆ ಏರತೊಡಗಿತು. ನೂರ ಎಪ್ಪತ್ತು, ನೂರ ತೊಂಬತ್ತು, ಒಂದು ದಿನ ಇನ್ನೂರ ಮೂವತ್ತು. ಹೋದ ವಾರ ಮೂರು ತಿಂಗಳ ಸರಾಸರಿ ನೋಡಿಸಿದರೆ ಬರೋಬ್ಬರಿ ಒಂಬತ್ತು. ಆಸ್ಪತ್ರೆಯ ಹುಡುಗಿ ಕಾಗದ ನೋಡಿ, "ಹೊರಗಡೆ ಏನಾದ್ರೂ ತಿಂತೀರಾ ಅಂಕಲ್?" ಎಂದಳು.

"ಇಲ್ಲ" ಎಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ನಾನು ಮೂವತ್ತೆರಡು ವರ್ಷ ಗಾರ್ಮೆಂಟ್ಸಿನಲ್ಲಿ ಮಾಡಿದ್ದು ಅದೇ ಕೆಲಸ ತಾನೆ. ದಿನಕ್ಕೆ ನಾನೂರು ಶರ್ಟು ಕೈಯಲ್ಲಿ ಹಾಯುತ್ತಿದ್ದವು. ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ಗುಂಡಿ ಓರೆಯಾಗಿದೆ ನೋಡಿ ಕೆಂಪು ಸ್ಟಿಕರ್ ಅಂಟಿಸುವುದು. 'ನಾನಲ್ಲ ಮೇಡಂ' ಎಂದು ಎಷ್ಟು ಜನ ಹೇಳಿದ್ದನ್ನು ಕೇಳಿಲ್ಲ. ಆ ಮಾತಿಗೆ ಬೆಲೆ ಕೊಟ್ಟಿದ್ದರೆ ಒಂದು ದಿನವೂ ನನಗೆ ಆ ಕೆಲಸ ಮಾಡಲು ಆಗುತ್ತಿರಲಿಲ್ಲ.

ಮನೆಗೆ ಬಂದವಳೇ, ಬಂದವರಿಗೆಂದು ಇಟ್ಟಿದ್ದ ಸಕ್ಕರೆಯ ಡಬ್ಬವನ್ನು ಕಪಾಟಿಗೆ ಹಾಕಿದೆ. ಬೀಗ ಬೇಕಲ್ಲ, ಇವರನ್ನೇ ಕೇಳಿದೆ. ಅಂಗಡಿಯಿಂದ ಒಂದು ತಂದುಕೊಟ್ಟರು. "ಇದನ್ನ ತಗೋ. ಇದನ್ನ ಕೀಲಿ ಇಲ್ದೆ ತೆಗೆಯೋಕೆ ನನಗೂ ಅರ್ಧ ಗಂಟೆ ಬೇಕು."

"ಅಂದ್ರೆ ಅರ್ಧ ಗಂಟೆ ಸಿಕ್ರೆ ತೆಗೀತೀರ" ಎಂದೆ.

ನೀನೇ ಹೇಳು, ಬೀಗ ರಿಪೇರಿಯವನನ್ನು ಕಟ್ಟಿಕೊಂಡವಳು ಯಾವ ಬೀಗವನ್ನು ನಂಬಿ ಮಲಗಬೇಕು? ಅದಕ್ಕೆ ಡಬ್ಬದೊಳಗೆ ಸಕ್ಕರೆ ಎಲ್ಲಿಯವರೆಗಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದೆ. ನಿನ್ನೆ ತೆಗೆದು ನೋಡಿದರೆ ಗೆರೆಗಿಂತ ಎರಡು ಬೆರಳು ಕೆಳಗೆ! ಡಬ್ಬವನ್ನು ಹಾಗೇ ಎತ್ತಿಕೊಂಡು ಹೋಗಿ ಅವರ ಮುಂದಿಟ್ಟೆ.

"ನಾನು ತಿಂದಿಲ್ಲ" ಎಂದರು.

"ಮತ್ತೆ ಮಿಷನ್ ಸುಳ್ಳು ಹೇಳುತ್ತಾ?"

"ಮಿಷನ್ ಸುಳ್ಳು ಹೇಳ್ತಿಲ್ಲ. ನಾನೂ ಹೇಳ್ತಿಲ್ಲ. ಕೀಲಿನೂ ಸರಿ ಇದೆ, ಬೀಗನೂ ಸರಿ ಇದೆ, ಆದ್ರೂ ತಿರುಗ್ತಿಲ್ಲ ಅಂದ್ರೆ ಒಳಗೆ ಏನೋ ಸಿಕ್ಕೊಂಡಿದೆ ಅಂತ."

"ನಿಮ್ಮ ಬೀಗದ ಪುರಾಣ ಬೇಡ. ಬೆರಳು ಸತ್ತುಹೋದ ಮೇಲೆ ಈ ಜಾಣತನ ಯಾರ ಹತ್ರ ತೋರಿಸ್ತೀರ?" ಎಂದುಬಿಟ್ಟೆ.

ಅಷ್ಟೇ. ಇವತ್ತು ಬೆಳಿಗ್ಗೆಯಿಂದ ಮೇಜಿಗೆ ಬಂದಿಲ್ಲ. ತಟ್ಟೆಯನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಕೀಲಿ ಕೊರೆಯುವ ಮಿಷನ್ನಿನ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಾರೆ. ನಿನ್ನ ಮಾತೆಂದರೆ ಅವರಿಗೆ ಮೊದಲಿನಿಂದಲೂ ಬೆಲೆ ಇದೆ. ಒಂದು ನಾಲ್ಕು ಸಾಲು ಬರೆದು ಹಾಕು, ಸಿಹಿ ಮುಟ್ಟಬೇಡಿ ಭಾವ ಎಂದು. ಕದ್ದು ಸಿಹಿ ತಿಂದರೆ ಏನಾಗುತ್ತದೆ ಎಂದು ಅಮ್ಮನ ವಿಷಯದಲ್ಲಿ ನೋಡಿದ್ದೇವೆ. ನಾನೇನೂ ಯಾರ ಹೆಸರನ್ನೂ ಹಿಡಿದು ಹೇಳುತ್ತಿಲ್ಲ. ನನ್ನ ಮನೆಯಲ್ಲಿ ಅದು ಇನ್ನೊಂದು ಸಲ ಆಗಬಾರದು, ಅಷ್ಟೇ.

ಇಂತಿ ನಿನ್ನ,
ಅಕ್ಕ

*

ಆಗಸ್ಟ್ 27

ನನ್ನ ಗುಬ್ಬಿ,

ನಿನ್ನ ಕಾರ್ಡು ಕೈಸೇರಿ ಹೆಚ್ಚುಕಡಿಮೆ ಮೂರು ತಿಂಗಳಾಯಿತು. ಇಷ್ಟು ದಿನ ಸುಮ್ಮನಿದ್ದೆ ಎಂದು ನೀನು ನೊಂದುಕೊಂಡಿರಬಹುದು, ಇಲ್ಲವೇ ಅಕ್ಕ ಯಾವಾಗಲೂ ಹೀಗೇ ಎಂದುಕೊಂಡಿರಬಹುದು. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದುಹಾಕಿದೆ. ಸಿಟ್ಟಿನಿಂದ ಅಲ್ಲ ಎಂದು ಮಾತ್ರ ನಂಬು. ಮೊದಲು ಇಲ್ಲಿಯ ಸಮಾಚಾರ ಬರೆದುಬಿಡುತ್ತೇನೆ, ನಿನ್ನ ಭಾವನ ಗತಿ ಏನಾಯಿತೆಂದು ನೀನು ಕಾಯುತ್ತಿರುತ್ತೀಯೆ.

ನಾಲ್ಕು ಸಾಲು ಬರೆ ಎಂದರೆ ನೀನು ಬರೆದದ್ದು ಎರಡು. "ಅಕ್ಕ, ಭಾವ ತಿಂದಿಲ್ಲ ಅಂದ್ರೆ ತಿಂದಿಲ್ಲ. ಆ ಸ್ಟೀವಿಯಾ ಡಬ್ಬಿಯ ಹಿಂಬದಿ ಓದಿದ್ಯಾ?"

ಓದಿದಾಗ ನನಗೆ ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಇವಳು ಮತ್ತೆ ಕದ್ದವರ ಕಡೆಗೇ ಎಂದು ಗೊಣಗಿಕೊಂಡೆ. ಗೊಣಗುತ್ತಲೇ ಡಬ್ಬಿಯನ್ನು ತಿರುಗಿಸಿದೆ. ಇರುವೆಯ ಕಾಲಿನಂಥ ಅಕ್ಷರಗಳು. ಇವರ ಅಂಗಡಿಯ ಭೂತಕನ್ನಡಿ ತಂದು, ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಮೊದಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರು. ಆಮೇಲೆ ಇನ್ನೊಂದೆರಡು. ಕಟ್ಟಕಡೆಯಲ್ಲಿ ಸ್ಟೀವಿಯಾ. ಮೊದಲಿನದು ಏನೆಂದು ತಿಳಿಯದೆ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಯ ಹುಡುಗಿಯ ಬಳಿಗೆ ಹೋದೆ.

ಅವಳು ಡಬ್ಬಿಯ ಮುಂಬದಿ ನೋಡಲೇ ಇಲ್ಲ. ಹಿಂದೆ ತಿರುಗಿಸಿ ಓದಿ, ಹಣೆಗೆ ಕೈ ಇಟ್ಟುಕೊಂಡಳು.

"ದಿನಕ್ಕೆ ಎಷ್ಟು ಹೋಗುತ್ತೆ ಆಂಟಿ ಇದು?"

"ಟೀಗೆ ಎರಡೆರಡು ಚಮಚ, ಏಳು ಟೀ. ಮತ್ತೆ ಕೇಕಿಗೆ ಒಂದು ಕಪ್ಪು."

"ಪಟ್ಟಿಯಲ್ಲಿ ಯಾವುದು ಮೊದಲು ಇರುತ್ತೋ ಅದೇ ಜಾಸ್ತಿ ಅಂತ ಲೆಕ್ಕ. ಇದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಿಷ್ಟದಿಂದ ಮಾಡಿದ ಪುಡಿ. ಸ್ಟೀವಿಯಾ ಸಕ್ಕರೆಗಿಂತ ಇನ್ನೂರು ಮುನ್ನೂರು ಪಟ್ಟು ಸಿಹಿ, ಸೂಜಿ ಮೊನೆಯಷ್ಟು ಸಾಕು. ಅಷ್ಟೇ ಕೊಟ್ರೆ ಚಮಚ ತುಂಬಲ್ಲವಲ್ಲ, ಡಬ್ಬಿನೂ ತುಂಬಲ್ಲ. ಅದಕ್ಕೇ ಇದನ್ನ ಬೆರೆಸಿರೋದು. ಇದು ರಕ್ತಕ್ಕೆ ಹೋಗೋದು ಸಕ್ಕರೆಯಷ್ಟೇ ಬೇಗ."

"ಸಕ್ಕರೆ ಇಲ್ಲ ಅಂತ ಬರೆದಿದ್ದಾರಲ್ಲಮ್ಮ!"

"ಸಕ್ಕರೆ ಇಲ್ಲ, ನಿಜ. ಸಕ್ಕರೆ ಆಗೋದು ಇದೆ" ಎಂದಳು. ಆಮೇಲೆ ತನ್ನ ಕುರ್ಚಿಯಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. "ತಪ್ಪು ನಂದೂ ಇದೆ ಆಂಟಿ. ಸ್ಟೀವಿಯಾ ಹಾಕಿ ಅಂದೆ, ಯಾವ ಡಬ್ಬಿ ತಂದ್ರಿ ಅಂತ ಕೇಳ್ಲಿಲ್ಲ. ಅಂಕಲ್ ಮೇಲೇನೇ ಅನುಮಾನ ಪಟ್ಟೆ."

ಮೂವತ್ತೆರಡು ವರ್ಷ ಅಂಗಿಗಳ ಒಳಮಗ್ಗುಲು ತಿರುಗಿಸಿ ನೋಡಿದವಳು, ನಾನೇ ತಂದ ಡಬ್ಬಿಯನ್ನು ತಿರುಗಿಸಿ ನೋಡಿರಲಿಲ್ಲ. ಎರಡು ತಿಂಗಳು ದಿನಕ್ಕೆ ಹದಿನಾಲ್ಕು ಚಮಚದಂತೆ ನನ್ನ ಕೈಯಾರೆ ಹಾಕಿದ್ದೇನೆ, ಮೇಲೆ ಕೇಕು ಬೇರೆ. ಅಂಕಿ ಏರಿದಾಗ ಅವರನ್ನು ಕಳ್ಳ ಎಂದೆ.

ಮನೆಗೆ ಬರುವಾಗ ಮೆಟ್ಟಿಲಲ್ಲಿ ಮೇಲಿನ ಮನೆಯಾಕೆ ಸಿಕ್ಕಳು. ಕೈಯಲ್ಲಿ ಒಂದು ಬಟ್ಟಲು. "ಆವತ್ತು ನೀವು ಕೊಟ್ಟಿದ್ರಲ್ಲ ಸಕ್ಕರೆ, ವಾಪಸ್ ಕೊಡೋಕೆ ಮರೆತೇಬಿಟ್ಟಿದ್ದೆ" ಎಂದಳು. ಗೆರೆಗಿಂತ ಎರಡು ಬೆರಳು ಕೆಳಗೆ ಹೋದದ್ದು ಅಲ್ಲಿಗೆ. ನಾನೇ ಬೀಗ ತೆಗೆದು, ನಾನೇ ಅಳೆದು ಕೊಟ್ಟು, ನಾನೇ ಮರೆತಿದ್ದೆ.

ಒಳಗೂ ಹೋಗದೆ ನೇರ ಅಂಗಡಿಗೆ ಹೋದೆ. ಗಿರಾಕಿಯೊಬ್ಬ ಸೂಟ್‌ಕೇಸು ಹಿಡಿದು ನಿಂತಿದ್ದ. ಇವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಅದರ ಬೀಗದ ಮೇಲೆ ಬಗ್ಗಿದ್ದರು. ಗಿರಾಕಿ ಹೋಗಲಿ ಎಂದು ಕಾದರೆ ನನ್ನ ಧೈರ್ಯ ಆರಿಹೋಗುತ್ತಿತ್ತು. "ನೀವು ತಿಂದಿರಲಿಲ್ಲ" ಎಂದೆ.

ತಲೆ ಎತ್ತದೆ, "ಗೊತ್ತು" ಎಂದರು.

ಆ ಗಿರಾಕಿ ನಮ್ಮಿಬ್ಬರನ್ನೂ ನೋಡಿ, ತನ್ನ ಸೂಟ್‌ಕೇಸನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡ. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಇವರು ಗಾಜು ತೆಗೆದು ಡಬ್ಬಿಯನ್ನು ಹಿಂದೆ ಮುಂದೆ ನೋಡಿ, "ಟೀ ಮಾತ್ರ ಚೆನ್ನಾಗಿತ್ತು" ಎಂದರು. ಅವತ್ತು ಮಧ್ಯಾಹ್ನ ಮೇಜಿಗೆ ಬಂದು ಕೂತು ಉಂಡರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಇನ್ನೊಂದು ಮೊಟ್ಟೆ ಬಡಿಸು ಎಂದರು.

ಈಗ ಹನಿ ಹನಿಯಾಗಿ ಹಾಕುವ ಸಣ್ಣ ಶೀಶೆ ತಂದಿದ್ದೇವೆ. ಅದರ ಹಿಂಬದಿಯನ್ನು ಆ ಹುಡುಗಿಯೂ ನಾನೂ ಅಂಗಡಿಯವನೂ ಮೂವರೂ ಓದಿದ್ದೇವೆ. ನೀರು, ಸ್ಟೀವಿಯಾದ ಸಾರ, ಕೆಡದಂತೆ ಹಾಕುವ ಚಿಟಿಕೆ ಏನೋ ಒಂದು. ಲೋಟಕ್ಕೆ ಎರಡು ಹನಿ. ಮೂರು ಹಾಕಿದರೆ ಕಹಿ. ಏಳು ಟೀ ನಾಲ್ಕಾಗಿದೆ. ಕೇಕು ಈಗ ತಿಂಗಳಿಗೊಂದು. ಹನಿ ಹಾಕಿದರೆ ಅದು ಉಬ್ಬುವುದಿಲ್ಲ, ಕಂದು ಬಣ್ಣವೂ ಬರುವುದಿಲ್ಲ, ಬೆಳ್ಳಗೆ ಚಪ್ಪಟೆಯಾಗಿ ಕೂತಿರುತ್ತದೆ. "ಇದನ್ನ ಬಾಗಿಲು ಬಡಿಯದ ಹಾಗೆ ಕೆಳಗೆ ಸಿಕ್ಕಿಸಬಹುದು" ಅನ್ನುತ್ತಲೇ ತಿನ್ನುತ್ತಾರೆ. ಮೊನ್ನೆ ಮೂರು ತಿಂಗಳ ಸರಾಸರಿ ಏಳು ಪಾಯಿಂಟ್ ಒಂದು ಬಂತು. ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಸ್ಪರ್ಶ ಚೆನ್ನಾಗಿದೆ. ಉಳಿದ ಮೂರು ಬೆರಳು ಮೊಂಡಾಗಿಯೇ ಇವೆ, ಆದರೆ ಹೆಚ್ಚಾಗಿಲ್ಲ. ಪಿನ್ನು ಹಿಡಿಯಲು ಎರಡು ಬೆರಳು ಸಾಕು ಅನ್ನುತ್ತಾರೆ.

ನೀನು ಹೇಗಿದ್ದೀಯ? ಸೊಂಟ ನೋವು ಎಂದು ಹಿಂದೆ ಯಾವಾಗಲೋ ಬರೆದಿದ್ದೆ. ಮಣ್ಣಿನ ಚೀಲಗಳನ್ನು ನೀನೇ ಎತ್ತುತ್ತೀಯೇನು? ಬೇಡ, ಯಾರನ್ನಾದರೂ ಇಟ್ಟುಕೋ. ನಿನ್ನ ಗಿಡಗಳೆಲ್ಲ ಚೆನ್ನಾಗಿ ಚಿಗುರಲಿ, ನೀನು ನೂರು ಕಾಲ ಆರೋಗ್ಯವಾಗಿರು. ನಿನಗಿಂತ ಏಳು ವರ್ಷ ದೊಡ್ಡವಳು ಎಂಬ ಒಂದೇ ಹಕ್ಕಿನಿಂದ ಹರಸುತ್ತಿದ್ದೇನೆ, ಬೇರೆ ಯಾವ ಹಕ್ಕೂ ನನಗೆ ಉಳಿದಿಲ್ಲ.

ನಿನ್ನವಳೇ ಆದ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು. ಮೂರು ಕಾಗದ ಹರಿದದ್ದೂ ಇದಕ್ಕೇ.

ಡಬ್ಬಿಯ ಹಿಂಬದಿ ನೋಡು ಎಂದು ನಿನಗೆ ಹೊಳೆದದ್ದು ಹೇಗೆ ಎಂದು ಅವತ್ತು ಮಧ್ಯಾಹ್ನ ಊಟ ಮಾಡುವಾಗ ನಿನ್ನ ಭಾವನನ್ನು ಕೇಳಿದೆ. ಸುಮ್ಮನೆ ಕೇಳಿದ್ದು. ಇವರು ಉಣ್ಣುವುದನ್ನು ನಿಲ್ಲಿಸಿದರು. "ಅವಳು ಒಂದ್ಸಲ ಹಾಗೆ ಓದಿದ್ದಾಳೆ" ಎಂದರು. ಆಮೇಲೆ ನಾನು ಬಿಡಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡ ದಿನ, ಮುಂದಿನ ಕೋಣೆಯಲ್ಲಿ, ದೊಡ್ಡಮ್ಮ, ಚಿಕ್ಕಪ್ಪ, ಅತ್ತೆ ಎಲ್ಲರೂ ಕೂತಿದ್ದಾಗ ನಾನು ಏನು ಹೇಳಿದೆ ಎಂದು ನೀನು ಮರೆತಿರಲಾರೆ. "ಅಮ್ಮನಿಗೆ ಸಕ್ಕರೆ ನಾನೂರು ದಾಟಿದ್ದು ಸುಮ್ನೆ ಅಲ್ಲ. ಜೊತೆಗಿದ್ದವಳು ಇವಳು. ಕದ್ದು ಕದ್ದು ಸಿಹಿ ತಿನ್ಸಿದ್ದು ಇವಳೇ" ಎಂದಿದ್ದೆ. ಆರು ವರ್ಷ ಅಮ್ಮನ ಮೈ ಒರೆಸಿ, ಇಂಜೆಕ್ಷನ್ ಚುಚ್ಚಿ ನೋಡಿಕೊಂಡವಳಿಗೆ ಎಲ್ಲರೆದುರು ಹೇಳಿದ್ದೆ. ನೀನು ಅಂದದ್ದು ಒಂದೇ ಮಾತು, "ನಾನು ಕೊಟ್ಟಿಲ್ಲ ಅಕ್ಕ."

ಮರುದಿನ ನೀನು ಅಮ್ಮನ ಕಪಾಟು ಖಾಲಿ ಮಾಡುವಾಗ ಸೀರೆಗಳ ಕೆಳಗೆ ಬಿಸ್ಕತ್ತಿನ ಪೊಟ್ಟಣಗಳು ಸಿಕ್ಕವಂತೆ. ಮೇಲೆ 'ಶುಗರ್ ಫ್ರೀ' ಎಂದು ಬರೆದವು. ಕೆಲವು ಖಾಲಿ, ಕೆಲವು ಅರ್ಧ. ನೀನು ಹಿಂಬದಿ ತಿರುಗಿಸಿ ಓದಿದೆಯಂತೆ. ಮೈದಾ, ಪಿಷ್ಟ, ಮಾಲ್ಟೋಡೆಕ್ಸ್‌ಟ್ರಿನ್. ಅವನ್ನೆಲ್ಲ ಒಂದು ಬಟ್ಟೆಯ ಚೀಲಕ್ಕೆ ತುಂಬಿ ಇವರ ಕೈಗೆ ಕೊಟ್ಟು, "ಭಾವ, ಇವನ್ನ ಅಕ್ಕನ ಕಣ್ಣಿಗೆ ಬೀಳದ ಹಾಗೆ ಎಲ್ಲಾದ್ರೂ ಹಾಕ್ಬಿಡಿ" ಎಂದೆಯಂತೆ.

ಅವನ್ನು ಪ್ರತಿ ಭಾನುವಾರ ತರುತ್ತಿದ್ದವಳು ನಾನು. ಅಮ್ಮ ಸಿಹಿಗೆ ಆಸೆಪಡುತ್ತಾಳೆ, ಸಕ್ಕರೆ ಇಲ್ಲದ್ದಾದರೆ ತಿನ್ನಲಿ ಪಾಪ ಎಂದು, ಎರಡೆರಡು ಪೊಟ್ಟಣ. "ಗುಬ್ಬಿಗೆ ಹೇಳ್ಬೇಡಮ್ಮ, ಅವಳು ಇದಕ್ಕೂ ಬೇಡ ಅಂತಾಳೆ" ಎಂದು ಅಮ್ಮನ ಕೈಗೆ ನಾನೇ ಗುಟ್ಟಾಗಿ ಕೊಡುತ್ತಿದ್ದೆ. ಅಮ್ಮನ ಕಿಡ್ನಿ ಎಷ್ಟೋ ವರ್ಷದಿಂದ ಕೆಟ್ಟಿತ್ತು, ಬಿಸ್ಕತ್ತಿನಿಂದಲೇ ಹೋದರು ಎಂದು ಯಾವ ಡಾಕ್ಟರೂ ಹೇಳಲಾರರು ಎಂದು ಇವರು ಸಮಾಧಾನ ಮಾಡುತ್ತಾರೆ. ಇರಬಹುದು. ಅಮ್ಮ ಹೋದದ್ದು ಯಾವುದರಿಂದ ಎಂದು ನನಗೆ ಗೊತ್ತಿಲ್ಲ. ನಾನು ಹೇಳಿದ ಮಾತು ಯಾರ ಮೇಲೆ ಬಿತ್ತು ಎಂದು ಗೊತ್ತಿದೆ.

"ಇಷ್ಟು ವರ್ಷ ಯಾಕ್ರೀ ಹೇಳಲಿಲ್ಲ?" ಎಂದು ಕೇಳಿದೆ.

"ಅವಳು ಮಾತು ತಗೊಂಡಿದ್ಳು. 'ಗೊತ್ತಾದ್ರೆ ಅಕ್ಕ ಮತ್ತೆ ಏಳೋದೇ ಇಲ್ಲ ಭಾವ. ನನ್ನ ಮೇಲೆ ಸಿಟ್ಟು ಮಾಡ್ಕೊಂಡಾದ್ರೂ ನೆಟ್ಟಗಿರ್ಲಿ' ಅಂದಿದ್ಳು" ಎಂದರು.

ನಾನು ನೆಟ್ಟಗೇ ಇದ್ದೆ ಗುಬ್ಬಿ. ನಿನ್ನ ಕಾರ್ಡುಗಳಿಗೆ ಉತ್ತರ ಬರೆಯದೆ, ನಿನ್ನ ಮನೆಯ ಹೊಸ್ತಿಲು ತುಳಿಯದೆ, 'ಯಾರ ಹೆಸರನ್ನೂ ಹಿಡಿದು ಹೇಳುತ್ತಿಲ್ಲ' ಎಂದು ಮೇ ತಿಂಗಳವರೆಗೂ ಚುಚ್ಚುತ್ತ, ಬಹಳ ನೆಟ್ಟಗಿದ್ದೆ. ಆ ಕಾಗದ ಓದಿದ ಮೇಲೂ ನೀನು ನಿನ್ನ ಭಾವನ ಪರವಾಗಿ ಎರಡು ಸಾಲು ಬರೆದೆ. ನಿನ್ನ ಪರವಾಗಿ ಒಂದು ಅಕ್ಷರ ಬರೆಯಲಿಲ್ಲ.

ನೀನು ಕೊಟ್ಟಿರಲಿಲ್ಲ. ಕೊಟ್ಟವಳು ನಾನು.

ಕ್ಷಮಿಸು ಎಂದು ಇಲ್ಲಿ ಬರೆದರೆ ನೀನು 'ಇರಲಿ ಬಿಡಕ್ಕ' ಎಂದು ಕಾರ್ಡು ಹಾಕುತ್ತೀಯೆ. ಅಷ್ಟು ಸುಲಭದಲ್ಲಿ ಬಿಡಿಸಿಕೊಳ್ಳುವ ಮನಸ್ಸು ನನಗಿಲ್ಲ. ಅವತ್ತು ಆ ಕೋಣೆಯಲ್ಲಿ ಕೂತು ಕೇಳಿಸಿಕೊಂಡ ಹಿರಿಯರಲ್ಲಿ ಈಗ ಉಳಿದಿರುವವರು ದೊಡ್ಡಮ್ಮ ಒಬ್ಬರೇ. ಅವರಿಗೆ ಕಣ್ಣು ಮಂಜಾಗಿದೆ, ಕಾಗದ ಬಂದರೆ ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಬೇಕು, ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅದು ಗೊತ್ತಿದ್ದೇ ಅವರಿಗೆ ಬರೆದಿದ್ದೇನೆ, ಒಂದನ್ನೂ ಮುಚ್ಚಿಡದೆ. ಇವತ್ತು ಬೆಳಿಗ್ಗೆ ಆ ಕಾಗದವನ್ನು ಪೋಸ್ಟ್ ಡಬ್ಬಕ್ಕೆ ಹಾಕಿ ಬಂದು, ಆಮೇಲೆ ನಿನಗೆ ಬರೆಯಲು ಕೂತೆ.